ಬೆನ್ನಿಗೆ ಒಂದು ಬೆರಳು ಹೆಚ್ಚು

ಬೈಂಡರ್ ಮೂರನೇ ಸಲ ಅಳತೆಪಟ್ಟಿ ಇಟ್ಟು ನೋಡಿದರು. ಮೂರನೇ ಸಲವೂ ಅದೇ ಗ್ರಹಚಾರ. ಪುಸ್ತಕದ ಬೆನ್ನು ಎರಡು ಬೆರಳು ದಪ್ಪ; ಕಸೂತಿ ಬಟ್ಟೆಯಲ್ಲಿ ಬೆನ್ನಿಗೆಂದು ಬಿಟ್ಟ ಜಾಗ ಮೂರು.

ಬಟ್ಟೆಯೇನು ಸಾಮಾನ್ಯದ್ದೇ? ಬ್ಯಾಂಡ್ ಮಾಸ್ತರರ ಹೆಂಡತಿ ನಾಲ್ಕು ತಿಂಗಳು ಕೂತು ಕಸೂತಿ ಹಾಕಿದ್ದು. ಮುಂದಿನ ರಟ್ಟಿನಿಂದ ಹೊರಟ ಹೂಬಳ್ಳಿ ಬೆನ್ನು ದಾಟಿ ಹಿಂದಿನ ರಟ್ಟಿಗೆ ಇಳಿಯುತ್ತದೆ. ಕತ್ತರಿಸುವ ಹಾಗಿಲ್ಲ, ಮಡಚುವ ಹಾಗಿಲ್ಲ. ಇನ್ನು ಅಳತೆ ಬರೆದುಕೊಟ್ಟವರು ಯಾರು? ಇದೇ ಬೈಂಡರ್! ಮೂವತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲವೆಂದು ಊರಿಗೆಲ್ಲ ಡಂಗುರ ಸಾರಿಕೊಂಡ ಮಹಾನುಭಾವರು.

"ಕನ್ನಡಕ ಬದಲಾಯಿಸಿ ಅಂತ ಬಡ್ಕೊಂಡೆ. ಕೇಳಿದ್ರಾ?" ಎಂದಳು ಅವರ ಹೆಂಡತಿ.

"ಮೆಲ್ಲಗೆ ಮಾತಾಡೇ! ಆಯಮ್ಮಂಗೆ ಗೊತ್ತಾದ್ರೆ ಇಷ್ಟು ವರ್ಷದ ಹೆಸರು ಮಣ್ಣುಪಾಲು."

ತಪ್ಪು ಮುಚ್ಚಲು ಉಳಿದದ್ದು ಒಂದೇ ದಾರಿ, ಪುಸ್ತಕವನ್ನೇ ದಪ್ಪ ಮಾಡುವುದು. ಬೈಂಡರ್ ಕೂಡಲೇ ಬ್ಯಾಂಡ್ ಮಾಸ್ತರರ ಮನೆಗೆ ಓಡಿದರು.

ಮಾಸ್ತರರು ಆರಾಮಕುರ್ಚಿಯಲ್ಲಿದ್ದರು. ತಮ್ಮ ಜೀವನಚರಿತ್ರೆ ಬರೆದು ಕೊನೆಯಲ್ಲಿ 'ಮುಗಿಯಿತು' ಎಂದು ಹಾಕಿದ ದಿನದಿಂದ ಅಲ್ಲೇ ಇದ್ದಾರೆ. ಗಡ್ಡ ಬೆಳೆದಿದೆ. ತುತ್ತೂರಿಯ ಮೇಲೆ ಧೂಳು. ಊಟಕ್ಕೆ ನಾಲ್ಕು ಸಲ ಕರೆಯಬೇಕು.

"ಇಷ್ಟು ದೊಡ್ಡ ಬದುಕಿಗೆ ಪುಸ್ತಕ ತೆಳ್ಳಗಾಯ್ತು ಮಾಸ್ತರೇ. ನೂರು ಖಾಲಿ ಹಾಳೆ ಸೇರಿಸ್ಲಾ?"

"ಖಾಲಿ ಹಾಳೆನಾ? ನನ್ನ ಜೀವನದಲ್ಲಿ?" ಮಾಸ್ತರರು ನೆಟ್ಟಗೆ ಕೂತರು.

"ಹಾಗಾದ್ರೆ ಬರೀರಿ."

"ಎಲ್ಲಾ ಬರೆದಾಯ್ತಲ್ಲ ಸ್ವಾಮಿ. ಇನ್ನೇನಿದೆ?"

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಬ್ಯಾಂಡ್ ಕಟ್ಕೊಂಡು ಯಾರದೋ ಮದುವೆಗೆ ಹೋಗಿ, ಬಾರಿಸಿ, ಉಂಡು ಬಂದಿದ್ದು ಬರೆದ್ರಾ? ಕರೆದವರು ಕಾಯ್ತಾನೇ ಇದ್ರಲ್ಲ!"

"ಏ, ಅದನ್ನೆಲ್ಲ ಯಾರಾದ್ರೂ ಬರೀತಾರಾ?" ಎಂದರು ಮಾಸ್ತರರು. ಎನ್ನುತ್ತಲೇ ನಕ್ಕುಬಿಟ್ಟರು.

ಮರುದಿನ, ಅದು ಯಾರ ಮದುವೆಯಾಗಿತ್ತೆಂದು ಕೇಳಲು ಡೋಲಿನವನನ್ನು ಹುಡುಕಿ ಹೊರಟರು. ಅವನು ಕ್ಲಾರಿನೆಟ್‌ನವನ ಮನೆಗೆ ಎಳೆದೊಯ್ದ. ಮೂವರೂ ಸೇರಿದ ಮೇಲೆ ಕೇಳಬೇಕೇ? ಗಡ್ಡ ಹೋಯಿತು. ಒಂದು ಸಂಜೆ ತುತ್ತೂರಿಯೂ ಕೂಗಿತು. ಬೀದಿಯ ನಾಯಿಗಳು ಕಾಲಿಗೆ ಬುದ್ಧಿ ಹೇಳಿದವು. ಈ ನಡುವೆ ಬೈಂಡರ್ ತಮ್ಮ ಹೆಂಡತಿಯ ಮಾತಿಗೆ ಸೋತು ಹೊಸ ಕನ್ನಡಕ ಹಾಕಿಸಿಕೊಂಡರು.

ಎರಡು ತಿಂಗಳಿಗೆ ನೂರು ಹಾಳೆ ತುಂಬಿ ಬಂದವು. ಹೊಲಿದು ಕೂರಿಸಿದರೆ ಪುಸ್ತಕ ಬಟ್ಟೆಯೊಳಗೆ ಕರಾರುವಾಕ್ಕಾಗಿ ಕೂತಿತು. ಬದುಕಿದೆಯಾ ಬಡಜೀವವೇ ಎಂದುಕೊಂಡರು ಬೈಂಡರ್. ಆದರೆ ಪುಸ್ತಕ ಒಯ್ಯಲು ಮಾಸ್ತರರ ಹೆಂಡತಿ ಬಂದು, ಹೂಬಳ್ಳಿಯ ಮೇಲೆ ಕೈಯಾಡಿಸಿ, "ಎಷ್ಟು ಚೆನ್ನಾಗಿ ಮಾಡಿದೀರಿ ಅಣ್ಣ" ಎಂದಾಗ ಅವರಿಗೆ ತಡೆಯಲಾಗಲಿಲ್ಲ.

"ಕ್ಷಮಿಸ್ಬೇಕು ತಾಯಿ. ನಾನು ನಿಮಗೆ ಅಳತೆ ತಪ್ಪಾಗಿ ಬರ್ಕೊಟ್ಟಿದ್ದೆ. ಹೇಳೋಕೆ ಮುಖ ಇರ್ಲಿಲ್ಲ, ಮುಚ್ಚಿಟ್ಟೆ."

ಆಕೆ ಬೀದಿಯತ್ತ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ನೀವು ಎರಡು ಬೆರಳು ಅಂತ ಸರಿಯಾಗೇ ಬರ್ದಿದ್ರಿ ಅಣ್ಣ. ಅವರನ್ನ ಆ ಕುರ್ಚಿಯಿಂದ ಎಬ್ಬಿಸ್ಬೇಕಿತ್ತಲ್ಲ, ಒಂದು ಬೆರಳು ನಾನೇ ಸೇರಿಸ್ದೆ."