ಇನ್ನೊಬ್ಬರ ರಕ್ತ

ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇತ್ತು. ಮೃದುಲಾ ಅದನ್ನು ಕಾಲಿನಿಂದಲೇ ಪಕ್ಕಕ್ಕೆ ತಳ್ಳಿ ಒಳಗೆ ಹೋದಳು.

ಎದುರುಮನೆಯ ಗಂಗಾಲಕ್ಷ್ಮಿ ಫೋನಿನಲ್ಲಿ ಹೇಳಿದ್ದು ಸುಳ್ಳಾಗಿರಲಿಲ್ಲ. ನಡುಮನೆಯಲ್ಲಿ, ಅಪ್ಪ ಕೂರುತ್ತಿದ್ದ ಜಾಗದಲ್ಲೇ ಕೂತು ಮುನೇಶ್ ಊಟ ಮಾಡುತ್ತಿದ್ದ. ಅಮ್ಮ ಜಾನಕಮ್ಮ ಬಗ್ಗಿ ಅವನ ಎಲೆಗೆ ತುಪ್ಪ ಬಡಿಸುತ್ತಿದ್ದಳು. ಅವನ ಪಕ್ಕದಲ್ಲಿ ಕಪ್ಪು ರಟ್ಟಿನ ಬೈಬಲ್ಲು. ಉಂಡ ಎಲೆಯನ್ನೂ ಅಮ್ಮನೇ ಎತ್ತುತ್ತಾಳೆಂದು ಗಂಗಾಲಕ್ಷ್ಮಿ ಹೇಳಿದ್ದಳು.

ಮುನೇಶ್ ಯಾರೆಂದು ಮುಳಬಾಗಿಲಿನ ಹಳಬರಿಗೆಲ್ಲ ಗೊತ್ತು. ಮೃದುಲಾ ಹುಟ್ಟುವ ಮೊದಲು ಅವರ ಮನೆಯ ಕಾರಿಗೆ ಡ್ರೈವರ್ ಆಗಿದ್ದವನು. ಕುರುಡುಮಲೆ ರಸ್ತೆಯಲ್ಲಿ ಹುಲ್ಲು ಹೊತ್ತು ಬರುತ್ತಿದ್ದ ಕದಿರಮ್ಮ ಎಂಬ ಹೆಂಗಸನ್ನು ಕಾರು ಬಡಿದು ಕೊಂದಾಗ ಅವನು ಕುಡಿದಿದ್ದನೆಂದು ಜನ ಹೇಳುತ್ತಿದ್ದರು. ತಪ್ಪು ಒಪ್ಪಿಕೊಂಡು ಎರಡು ವರ್ಷ ಜೈಲಿನಲ್ಲಿದ್ದ. ಮಾಲೂರಿನಲ್ಲಿ ಮದುವೆಗೆ ಗೊತ್ತಾಗಿದ್ದ ಹೆಣ್ಣು ತಪ್ಪಿಹೋಯಿತು. ಆಮೇಲೆ ಯಾರೂ ಹೆಣ್ಣು ಕೊಡಲಿಲ್ಲ. ಜೈಲಿನಲ್ಲೇ ಕ್ರೈಸ್ತನಾದ. ಈಗ ಶ್ರೀನಿವಾಸಪುರ ರಸ್ತೆಯಲ್ಲಿರುವ, ಶೀಟು ಹೊದಿಸಿದ ಪ್ರಾರ್ಥನಾ ಮಂದಿರಕ್ಕೆ ಪಾಸ್ಟರ್.

ಅಪ್ಪ ಲಕ್ಷ್ಮೀನಾರಾಯಣ ಬದುಕಿರುವವರೆಗೆ ಈ ಮನೆಯಲ್ಲಿ ಅವನ ಹೆಸರೆತ್ತುವಂತಿರಲಿಲ್ಲ. ಅಪ್ಪನ ವರ್ಷದ ತಿಥಿ ಮುಗಿದದ್ದೇ ತಡ, ಭಾನುವಾರದ ಪ್ರಾರ್ಥನೆ ಮುಗಿಸಿ ಇಲ್ಲಿಗೇ ಊಟಕ್ಕೆ ಬರತೊಡಗಿದ್ದಾನೆ. ಗಂಡ ಸತ್ತ ಹೆಂಗಸು, ಸ್ವಂತ ಮನೆ. ಕೋಲಾರದ ಕೋರ್ಟಿನಲ್ಲಿ ವಕೀಲಿ ಮಾಡುವ ಮೃದುಲಾಳಿಗೆ ಇದರ ಮುಂದಿನ ಕಥೆ ಯಾರೂ ಹೇಳಬೇಕಾಗಿರಲಿಲ್ಲ.

“ಊಟ ಆಗಿದ್ರೆ ಎದ್ದೇಳಿ,” ಎಂದಳು.

“ಎಲೆ ಮುಂದೆ ಕೂತೋರನ್ನ ಎಬ್ಬಿಸಬಾರದು,” ಎಂದಳು ಅಮ್ಮ. “ನಾನೇ ಕರೆದಿದ್ದೀನಿ.”

“ಯಾಕೆ? ಮತ ಬದಲಾಯಿಸ್ಕೊಳ್ಳೋಕಾ?”

ಮುನೇಶ್ ತಲೆ ಎತ್ತಲಿಲ್ಲ. “ನಾನು ಅಮ್ಮೋರಿಗೆ ಬೈಬಲ್ ಓದಿ ಹೇಳಿಲ್ಲಮ್ಮ. ನಾನು ಬಂದಾಗೆಲ್ಲ ಅವರೇ ಒಂದೇ ಪ್ರಶ್ನೆ ಕೇಳ್ತಾರೆ. ಯೇಸು ನಮ್ಮ ಬದಲಿಗೆ ಸತ್ತಿದ್ದು ಸರೀನಾ ಅಂತ.”

“ನೀವೇನಂದ್ರಿ?”

“ಸರಿ ಅಂದೆ. ಪ್ರೀತಿಯಿಂದ ಕೊಟ್ಟಿದ್ದು. ಕೊಟ್ಟಾಯ್ತು, ಮುಗೀತು. ತಗೊಂಡು ನೆಮ್ಮದಿಯಾಗಿರಿ ಅಂದೆ.”

ನೆಮ್ಮದಿ. ಆ ಮಾತು ಕೇಳಿ ಅವಳಿಗೆ ಮೈಯೆಲ್ಲ ಹೇಸಿಗೆಯಾಯಿತು. ಕದಿರಮ್ಮನ ರಕ್ತ ತೊಳೆದುಕೊಳ್ಳಲು ಇವನಿಗೆ ಇನ್ನೊಬ್ಬರ ರಕ್ತ ಸಿಕ್ಕಿದೆ. ಎಷ್ಟು ಸಲೀಸು. ಅವಳು ಕುರ್ಚಿ ಎಳೆದು ಅವನೆದುರು ಕೂತಳು.

“ತಪ್ಪು ಒಬ್ಬರದು, ಶಿಕ್ಷೆ ಇನ್ನೊಬ್ಬರಿಗೆ. ಯಾವ ಕೋರ್ಟು ಒಪ್ಪುತ್ತೆ ಇದನ್ನ?”

“ಕೋರ್ಟಿಗೆ ಯಾರೋ ಒಬ್ಬ ಬೇಕಮ್ಮ, ಅಷ್ಟೆ.” ಮುನೇಶ್ ಸಾರಿನಲ್ಲಿ ಬೆರಳಾಡಿಸಿದ. “ಯೇಸುವನ್ನ ಯಾರೂ ದಬ್ಬಲಿಲ್ಲ. ದಬ್ಬಿದ್ರೆ ಕೊಲೆ ಆಗ್ತಿತ್ತು. ಅವನಾಗೇ ಹೋಗಿದ್ದಕ್ಕೆ ಅದು ತ್ಯಾಗ.”

“ತಂದೆನೇ ಕಳಿಸಿದ್ದು ಅಂತ ನೀವೇ ಸಾರ್ತೀರಲ್ಲ? ಕಳಿಸೋದಕ್ಕೂ ದಬ್ಬೋದಕ್ಕೂ ಏನ್ ವ್ಯತ್ಯಾಸ?”

ಅಮ್ಮನ ಕೈಯಲ್ಲಿ ಸೌಟು ಹಾಗೇ ನಿಂತಿತು. ಮುನೇಶ್ ಅನ್ನವನ್ನು ಎಲೆಯ ಅಂಚಿಗೆ ಸರಿಸಿದ.

“ಒಲ್ಲೆ ಅನ್ನಬಹುದಿತ್ತು. ಸಾಯೋ ಹಿಂದಿನ ರಾತ್ರಿ, ನನಗಿದು ಬೇಡ ಅಂತ ಅವನೂ ಅತ್ತಿದ್ದ. ಆದ್ರೂ ಹೋದ.”

“ಸರಿ, ಅವನು ದೊಡ್ಡವನು. ನನಗೆ ವಾಕರಿಕೆ ಬರೋದು ತಗೊಂಡವರನ್ನ ನೆನೆಸ್ಕೊಂಡು. ನನ್ನ ಬದಲು ಅವನು ಹೋಗ್ಲಿ, ನಾನು ಹಾಯಾಗಿರ್ತೀನಿ ಅಂತಾರಲ್ಲ, ಅವರಿಗೆ ಅನ್ನ ಹೆಂಗೆ ಇಳಿಯುತ್ತೆ?”

“ಅದು ನನ್ನನ್ನ ಕೇಳೋದಲ್ಲಮ್ಮ. ತಗೊಂಡೋರನ್ನೇ ಕೇಳ್ಬೇಕು.”

“ನಾನಾಗಿದ್ರೆ ಎದ್ದು ಹೋಗಿ, ತಪ್ಪು ನಂದು, ಅವನನ್ನ ಬಿಡಿ ಅಂತಿದ್ದೆ.”

“ತಡ ಆಗಿದ್ರೆ?” ಕೇಳಿದ್ದು ಅಮ್ಮ.

ಪಾಪ, ಎಷ್ಟು ದಿನದಿಂದ ತಲೆ ಕೆಡಿಸಿದ್ದಾನೋ ಎನಿಸಿತು ಮೃದುಲಾಳಿಗೆ. ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದಳು. “ತಡ ಏನು ಬಂತಮ್ಮ? ಕೊಟ್ಟವನಿಗೆ ಕೊನೇಪಕ್ಷ ಅವನ ಹೆಸರಾದ್ರೂ ವಾಪಸ್ ಸಿಗುತ್ತೆ. ಬಾಯಿ ಮುಚ್ಕೊಂಡು ಅನುಭವಿಸಿದ್ರೆ ಅದು ಕಳ್ಳತನ. ಅದಕ್ಕೆ ದೇವರ ಹೆಸರಿಟ್ರೆ ಇನ್ನೂ ಅಸಹ್ಯ.”

ಜಾನಕಮ್ಮ ಸೌಟನ್ನು ಪಾತ್ರೆಯೊಳಗೆ ಬಿಟ್ಟಳು.

“ಕೇಳಿದ್ಯಾ ಮುನೇಶ?”

“ಮಗು ಮಾತು ಮನಸ್ಸಿಗೆ ಹಾಕ್ಕೋಬೇಡಿ ಅಮ್ಮೋರೆ. ಅವರಿಗೇನೂ ಗೊತ್ತಿಲ್ಲ.” ಅವನು ಕಲಸಿದ ತುತ್ತನ್ನು ಎಲೆಗೇ ಬಿಟ್ಟ.

ಮೃದುಲಾಳಿಗೆ ಒಳಗೊಳಗೇ ಗೆದ್ದಂತಾಯಿತು. ಹಿಡಿತ ತಪ್ಪಿತು ನೋಡು, ಅದಕ್ಕೇ ಹೆದರಿದ.

“ಅವಳು ಲಾಯರು. ಅವಳನ್ನ ಬಿಟ್ಟು ಇನ್ಯಾರನ್ನ ಕೇಳಲಿ?” ಅಮ್ಮ ಒಳಗೆ ಹೋಗಿ ಕೈ ತೊಳೆದು, ಸೆರಗು ಸರಿಮಾಡಿಕೊಂಡು ಬಂದಳು. “ನೀನು ಊಟ ಮುಗಿಸು. ಆಮೇಲೆ ನನ್ನನ್ನ ಕದಿರಮ್ಮನ ಮಗನ ಹತ್ರ ಕರ್ಕೊಂಡು ಹೋಗು. ವೆಂಕಟರಾಯಪ್ಪ ಮನೇಲೇ ಇರ್ತಾನಂತೆ, ವಿಚಾರಿಸಿದ್ದೀನಿ.”

“ಅಲ್ಲಿ ನಿನಗೇನಮ್ಮ ಕೆಲಸ?” ಎಂದಳು ಮೃದುಲಾ. “ಅವನ ಕಾಲಿಗೆ ಬೀಳಬೇಕಾದವರು ಇವರು.”

“ಬೇಡ ಅಮ್ಮೋರೆ,” ಎಂದ ಮುನೇಶ್. ಎಂಜಲ ಕೈಯನ್ನೇ ಅಡ್ಡ ಚಾಚಿದ. “ಮಗು ಮುಂದೆ ಬೇಡ.”

ಜಾನಕಮ್ಮ ಮಗಳನ್ನೇ ನೋಡಿದಳು.

“ಆವತ್ತು ಕಾರು ಓಡಿಸ್ತಿದ್ದೋಳು ನಾನು ಕಣೇ. ನೀನು ನನ್ನ ಹೊಟ್ಟೇಲಿದ್ದೆ ಅಂತ ನಿಮ್ಮಪ್ಪ ಇವನನ್ನ ಜೈಲಿಗೆ ಕಳಿಸಿದ್ರು.”