ಮಾಯಾಳಿಗೆ ಬಂದ ಸಂಬಂಧ

"ಈ ಹುಡುಗಿಯ ಬರಿ, ಗೋತ್ರ ಯಾವುದು ಮಗಾ? ನಮ್ಮದೂ ಅವಳದೂ ಒಂದೇ ಬರಿಯಾದರೆ ಮದುವೆ ಆಗುದಿಲ್ಲ ನೋಡು," ಎಂದು ಸಂಕಪ್ಪ ರೈಗಳು ವಾರಪತ್ರಿಕೆಯನ್ನು ಬಿಡಿಸಿ ಮುಂದೆ ಹಿಡಿದಾಗ ಹರಿಣಾಕ್ಷಿಗೆ ನಗು ತಡೆಯಲಾಗಲಿಲ್ಲ. ಕಾಣಿಯೂರಿನಿಂದ ಪಂಜಕ್ಕೆ ಬಸ್ಸು ಹತ್ತಿ ಬಂದ ಈ ಗುರುತಿಲ್ಲದ ಹಿರಿಯರು ಬೆಲ್ಲ ನೀರು ಕುಡಿದು ಲೋಟ ಕೆಳಗಿಟ್ಟದ್ದೇ ಹೆಣ್ಣು ಕೇಳತೊಡಗಿದ್ದರು. ಯಾರನ್ನು? ಅವಳು ಬರೆಯುತ್ತಿದ್ದ ಧಾರಾವಾಹಿಯ ಮಾಯಾಳನ್ನು! ಮಾಯಾ ಸತ್ತು ದೆವ್ವವಾದ ಹುಡುಗಿ, ಪುತ್ತೂರಿನ ಕಾಲೇಜು ಹುಡುಗನೊಬ್ಬನನ್ನು ಪ್ರೀತಿಸುವವಳು. ಹದಿನಾಲ್ಕು ವಾರದಿಂದ ಕಾಲೇಜಿನ ಹುಡುಗಿಯರೆಲ್ಲ ಆ ಪತ್ರಿಕೆಗೆ ಮುಗಿಬೀಳುತ್ತಿದ್ದದ್ದು ಅವಳಿಗಾಗಿಯೇ.

"ಅದು ಕತೆ. ಅವಳನ್ನು ನಾನೇ ಹುಟ್ಟಿಸಿದ್ದು," ಎಂದಳು ಹರಿಣಾಕ್ಷಿ.

"ಬರೇ ಹುಟ್ಟಿಸಿದ ಹುಡುಗಿಗೆ ನಕ್ಕರೆ ಬಿಕ್ಕಳಿಕೆ ಬರ್ತದಾ? ಎಡಗೈಯಲ್ಲಿ ಬರೀತಾಳಾ? ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವ ನಾನು. ಕಂಡು ಬರೆದದ್ದು ಯಾವುದು, ಕಟ್ಟಿ ಬರೆದದ್ದು ಯಾವುದು ಅಂತ ನನಗೆ ಗೊತ್ತಾಗುದಿಲ್ವಾ?" ರೈಗಳು ದನಿ ತಗ್ಗಿಸಿದರು. ದೊಡ್ಡ ಮಗ ಪ್ರೇಮನಾಥ ಮೂರು ವರ್ಷದ ಹಿಂದೆ ಜೀಪು ಮಗುಚಿ ತೀರಿಹೋಗಿದ್ದ. ಈಗ ಎರಡನೆಯವ ಮಹಾಬಲನಿಗೆ ನೋಡಿದ ಸಂಬಂಧಗಳೆಲ್ಲ ಮುರಿಯುತ್ತಿದ್ದವು. ಅಣ್ಣನಿಗೆ ಹೆಣ್ಣು ಬೇಕಂತೆ, ಅದಕ್ಕೇ ತಮ್ಮನಿಗೆ ಅಡ್ಡ ನಿಂತಿದ್ದಾನೆ ಅಂತ ಜೋಯಿಸರ ಪ್ರಶ್ನೆಯಲ್ಲಿ ಕಂಡಿತ್ತು. ಮದುವೆಯಾಗದೆ ಸತ್ತವರಿಗೆ ಸತ್ತವರಲ್ಲೇ ಜೋಡಿ ಹುಡುಕಿ ಧಾರೆ ಎರೆಯುವುದು ಈ ಸೀಮೆಯ ಕ್ರಮ. ಹಾಗಾಗಿ ರೈಗಳು ಎರಡು ವರ್ಷದಿಂದ ಸತ್ತ ಹೆಣ್ಣು ಹುಡುಕುತ್ತಿದ್ದರು, ಬರುವ ಆಷಾಢದ ಆಟಿ ತಿಂಗಳೊಳಗೆ ಹೇಗಾದರೂ ಮುಗಿಸಬೇಕೆಂದು.

"ಯಾರಿಗೆ ಬಿಕ್ಕಳಿಕೆ?" ಅಮ್ಮ ಒಳಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಓದು ಬರುವುದಿಲ್ಲ. ಮಗಳು ಪೇಪರಿಗೆ ಏನೋ ಬರೆಯುತ್ತಾಳೆ ಎಂಬುದಷ್ಟೇ ಗೊತ್ತು. ರೈಗಳು ಕತೆಯ ಹುಡುಗನಿಂದ ಹಿಡಿದು ಮಾಯಾಳ ಗುರುತುಗಳನ್ನೆಲ್ಲ ಒಂದೊಂದಾಗಿ ಹೇಳಿದರು. ಹದಿನೆಂಟರಲ್ಲಿ ಜ್ವರ ಬಂದು ಸತ್ತದ್ದನ್ನು ಹೇಳುವಷ್ಟರಲ್ಲಿ ಅಮ್ಮ ಅಲ್ಲೇ ಕುಸಿದಳು. "ಅಯ್ಯೋ, ಅದು ನನ್ನ ವಾರಿಜ!"

ಹರಿಣಾಕ್ಷಿಯ ನಗು ಇಂಗಿಹೋಯಿತು. ವಾರಿಜಾಕ್ಷಿ ಅವಳ ಅಕ್ಕ, ಹೋಗಿ ಆರು ವರ್ಷ. ಮಧ್ಯಾಹ್ನ ಅಮ್ಮ ಮಲಗಿದ ಮೇಲೆ ಇವಳು ಅಕ್ಕನ ತಗಡಿನ ಪೆಟ್ಟಿಗೆಗೆ ಒರಗಿ ಕೂರುತ್ತಿದ್ದಳು. 'ಅವನು ಹೀಗೆ ಕೇಳಿದ, ನೀನು ಎಂತ ಹೇಳ್ತಿ?' ಎನ್ನುತ್ತಿದ್ದಳು. ಅಕ್ಕ ಹೇಳಿದ್ದನ್ನು ಬರೆಯುತ್ತಿದ್ದಳು, ಅಷ್ಟೇ. ಪ್ರೀತಿ ಪ್ರೇಮ ಇವಳಿಗೇನು ಗೊತ್ತು, ಮಣ್ಣು! ಪೆನ್ನು ಕೆಳಗಿಟ್ಟ ದಿನ ಅಕ್ಕನ ಸುಳಿವೇ ಇರುತ್ತಿರಲಿಲ್ಲ.

"ಸುಮ್ಮನಿರು ಮಗಾ ಅಂತ ಆರು ವರ್ಷದಿಂದ ಎಲೆ ಹಾಕಿ ಬಡಿಸಿ ಕೈ ಮುಗೀತಾ ಇದ್ದೇನೆ," ಅಮ್ಮ ಕಿರುಚಿದಳು. "ನೀನು ಅವಳನ್ನು ವಾರವಾರ ಎಬ್ಬಿಸಿ ಊರೆಲ್ಲ ತಿರುಗಿಸಿದೆಯಾ? ಅದೂ ಒಬ್ಬ ಹುಡುಗನ ಒಟ್ಟಿಗೆ! ನಾಚಿಕೆ ಆಗುದಿಲ್ವಾ ನಿನಗೆ?"

"ಈ ಮನೆಯಲ್ಲಿ ಅವಳ ಹೆಸರು ಹೇಳುವವರಾದರೂ ಯಾರಿದ್ದಾರಮ್ಮ?"

ಅಮ್ಮ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ರೈಗಳೊಡನೆ ತಾಳೆ ನೋಡಿದಳು: ಬರಿ ಬೇರೆ ಬೇರೆ, ಪ್ರಾಯವೂ ಸರಿಯಾಯಿತು. ಹುಡುಗಿಯರ ಸೋದರಮಾವನಾದ ತನ್ನ ಅಣ್ಣನ ಹತ್ತಿರ ತಾನು ಮಾತಾಡುತ್ತೇನೆ ಎಂದು ಅಮ್ಮ ಕಣ್ಣೊರೆಸಿಕೊಂಡಳು. ಆರು ವರ್ಷದಲ್ಲಿ ಆ ಮುಖ ಇಷ್ಟು ಅರಳಿದ್ದನ್ನು ಹರಿಣಾಕ್ಷಿ ಕಂಡಿರಲಿಲ್ಲ. ಆಗ ರೈಗಳು ಅಮ್ಮನ ಕಡೆ ತಿರುಗಿದರು. "ಒಂದು ಮಾತುಂಟು ತಂಗೀ. ಇನ್ನು ಅವಳು ನಮ್ಮ ಸೊಸೆ. ಬರುವ ವಾರ ಆ ಕಾಲೇಜು ಹುಡುಗನ ಒಟ್ಟಿಗೆ ಸುಳ್ಯಕ್ಕೆ ಸಿನೆಮಾಕ್ಕೆ ಹೋಗುದು ಅಂತ ಉಂಟು ಇದರಲ್ಲಿ. ಅದೆಲ್ಲ ಚಂದವಾ? ನಿಲ್ಲಿಸ್ಬೇಕು."

"ನಿಲ್ಲಿಸಿದರೆ ಅಕ್ಕ ಬರುದಿಲ್ಲ," ಎಂದಳು ಹರಿಣಾಕ್ಷಿ.

"ಬರ್ಬಾರದು! ಗಂಡನ ಮನೆಯಲ್ಲಿ ಹೋಗಿ ಕೂರ್ಲಿ. ಅವಳ ಮದುವೆ ಆದರೆ ನಿನಗೂ ದಾರಿ ಬಿಡ್ತದೆ. ನನ್ನ ಮೇಲೆ ಆಣೆ, ನಿಲ್ಲಿಸ್ತೇನೆ ಅಂತ ಬರೆದು ಕೊಡು." ಅಮ್ಮ ಅವಳ ಗದ್ದ ಹಿಡಿದು ಅತ್ತಳು.

ಆಣೆ ಹಾಕಿದ ಮೇಲೆ ಇನ್ನೇನುಂಟು? ಹರಿಣಾಕ್ಷಿ ಇನ್‌ಲ್ಯಾಂಡ್ ಕಾಗದ ತಂದು ಸಂಪಾದಕರಿಗೆ ನಾಲ್ಕು ಸಾಲು ಬರೆದಳು. ಕತೆ ಮುಂದುವರಿಸಲು ಆಗುತ್ತಿಲ್ಲ, ಕ್ಷಮಿಸಬೇಕು, ಇನ್ನು ಮುಂದೆ ಬೇರೆ ಏನನ್ನೂ ಬರೆಯುವುದಿಲ್ಲ. ಆ ಕೊನೆಯ ಮಾತನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಅಕ್ಕನಿಲ್ಲದೆ ಬರೆಯುವುದಾದರೂ ಎಂತದ್ದು? ರೈಗಳು ಎರಡು ಸಲ ಓದಿ, ಅಂಟು ಹಚ್ಚಿ, ತಾವೇ ಪೋಸ್ಟ್ ಮಾಡುತ್ತೇನೆಂದು ಜೇಬಿಗೆ ಹಾಕಿಕೊಂಡರು. ಅದನ್ನು ಕಸಿದುಕೊಳ್ಳಬೇಕು ಅನ್ನಿಸಿತು ಅವಳಿಗೆ. ಆದರೂ ನಿಂತಲ್ಲಿಂದ ಅಲುಗಲಿಲ್ಲ.

ರೈಗಳು ಮೆಟ್ಟಿಲಿಳಿದು ಚಪ್ಪಲಿ ಹಾಕುವಾಗ ಅಮ್ಮ ಹಿಂದಿನಿಂದ ಬಂದಳು. "ಹೇಗೂ ಸಂಬಂಧ ಆಯ್ತಲ್ಲ ರೈಗಳೇ. ನಿಮ್ಮ ಮಹಾಬಲನಿಗೆ ನಮ್ಮ ಹರಿಣಾಕ್ಷಿಯನ್ನೇ ಕೇಳಬಹುದಲ್ವಾ?"

ರೈಗಳು ಹರಿಣಾಕ್ಷಿಯ ಕಡೆ ಒಮ್ಮೆ ನೋಡಿ ಸಂಕೋಚದಿಂದ ತಲೆ ತಗ್ಗಿಸಿದರು.

"ಹುಡುಗಿಗೆ ಎಂತ ಕಮ್ಮಿ ಇಲ್ಲ ತಂಗೀ. ಆದರೆ ಹದಿನಾಲ್ಕು ವಾರವೂ ನಾನೇ ಓದಿದ್ದೇನಲ್ಲ. ಇಂಥದ್ದೆಲ್ಲ ಬರೆಯುವವಳನ್ನು ಬದುಕಿರುವ ಮಗನಿಗೆ ಹೇಗೆ ತರುದು?"