ಖಾಲಿ ಲೇನಿನ ಸದ್ದು

ಇದು ದೆವ್ವದ ಕಥೆಯೋ ಅಲ್ಲವೋ ನನಗೂ ಗೊತ್ತಿಲ್ಲ... ಓದಿ ನೀವೇ ಹೇಳಿ.

ಮಂಗಳೂರಿನ ಒಂದು ಈಜುಕೊಳ. ಅಲ್ಲಿ ನಿರೀಕ್ಷಾ ಎಂಬ ಹುಡುಗಿ ನಾನೂರು ಮೀಟರ್ ಫ್ರೀಸ್ಟೈಲ್‌ಗೆ ತಯಾರಾಗುತ್ತಿದ್ದಳು.

ರಾಜ್ಯ ತಂಡದ ಆಯ್ಕೆ ಹತ್ತಿರವಿತ್ತು. ಈ ಸಲವೂ ಆಗದಿದ್ದರೆ ಈಜುವುದನ್ನೇ ಬಿಡುತ್ತೇನೆ ಎಂದು ಮನೆಯಲ್ಲಿ ಹೇಳಿಬಿಟ್ಟಿದ್ದಳು.

ಕೋಚ್ ಫೆಲಿಕ್ಸ್ ಸರ್ ದಿನಾ ಹೇಳುತ್ತಿದ್ದದ್ದು ಒಂದೇ ಮಾತು... ಥ್ರೆಶೋಲ್ಡ್ ಪೇಸ್!

ಅಂದರೆ ಪೂರ್ತಿ ಜೋರೂ ಅಲ್ಲ, ಆರಾಮವೂ ಅಲ್ಲ. ಏದುಸಿರು ಶುರುವಾಗುವ ಅಂಚಿನವರೆಗೆ ಹೋಗಿ, ಅದನ್ನು ದಾಟದೆ, ಅದೇ ವೇಗದಲ್ಲಿ ಕೊನೆಯವರೆಗೆ ಈಜುವುದು.

ನಮ್ಮ ನಿರೀಕ್ಷಾ ಕೇಳಬೇಕಲ್ಲ! ಮೊದಲ ನೂರು ಮೀಟರ್ ಬಾಣದ ಹಾಗೆ... ಮೂರನೆಯ ನೂರಕ್ಕೆ ಕೈ ಎತ್ತಲೂ ಆಗುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸರ್‌ಗೆ ಸಿಟ್ಟು ನೆತ್ತಿಗೇರಿತು.

"ಎಂತ ಮಾರಾಯ್ತಿ ನಿಂದು? ಯಾರಾದ್ರೂ ಅಟ್ಟಿಸಿಕೊಂಡು ಬರ್ತಾರಾ ನಿನ್ನನ್ನು?"

ಅವಳು ಪಕ್ಕದ ಲೇನಿನತ್ತ ತಿರುಗಿ ನೋಡಿದಳು.

"ಹೌದು ಸರ್..."

ಸರ್ ನಗಲು ಹೋದವರು ನಗಲಿಲ್ಲ.

"ಪಕ್ಕದ ಲೇನಲ್ಲಿ ನೀರಿಗೆ ಕೈ ಬಡಿಯುವ ಸದ್ದು ಕೇಳ್ತದೆ ಸರ್. ನೋಡಿದ್ರೆ ಯಾರೂ ಇರುದಿಲ್ಲ... ಜೋರು ಹೋದ್ರೆ ಮಾತ್ರ ಆ ಸದ್ದು ಹಿಂದೆ ಉಳೀತದೆ."

"ಯಾರದ್ದು ಅಂತ ಗೊತ್ತುಂಟಾ?"

"ಸಮೀಕ್ಷಾಂದು..."

ಸಮೀಕ್ಷಾ ಅವಳ ಅವಳಿ ಅಕ್ಕ. ಪಕ್ಕದ ಲೇನಿನಲ್ಲೇ ಈಜುತ್ತಿದ್ದವಳು. ಹಿಂದಿನ ವರ್ಷ ಡೆಂಗ್ಯೂ ಬಂದು ತೀರಿಕೊಂಡಿದ್ದಳು.

ಸರ್ ಆ ಲೇನಿನತ್ತ ನೋಡಿದರು. ಕೊಳದಲ್ಲಿ ಬೇರೆ ಯಾರೂ ಇರಲಿಲ್ಲ... ಆದರೂ ಅಲ್ಲಿನ ನೀರು ಮೆಲ್ಲಗೆ ಅಲುಗುತ್ತಿತ್ತು.

ಅವರು ಕೊಳದ ಅಂಚಿನಲ್ಲಿ ಕುಳಿತು ಹೇಳಿದರು...

"ನಿನ್ನ ಅಕ್ಕ ಒಂದೇ ಹದದಲ್ಲಿ ಈಜ್ತಾ ಇದ್ದವಳು. ನಾನು ಬಾಯಿ ಬಡ್ಕೊಂಡ್ರೂ ನಿನ್ನ ತಲೆಗೆ ಹತ್ತದ್ದು ಅವಳಿಗೆ ತಾನಾಗಿ ಬರ್ತಿತ್ತು. ನಾಳೆ ಓಡ್ಬೇಡ ಮಗಾ. ಸದ್ದು ಪಕ್ಕಕ್ಕೆ ಬರ್ಲಿ. ಅವಳ ಕೈ ಬಿದ್ದಾಗ ನಿನ್ನ ಕೈಯೂ ಬೀಳ್ಲಿ."

ಮಾರನೆಯ ದಿನ ನಿರೀಕ್ಷಾ ಹೆದರುತ್ತಲೇ ನೀರಿಗಿಳಿದಳು. ಸದ್ದು ಬಂತು... ಹತ್ತಿರ... ಇನ್ನೂ ಹತ್ತಿರ. ಅವಳು ಓಡಲಿಲ್ಲ.

ಗಾಗಲ್ಸ್ ಒಳಗೆಲ್ಲ ಕಣ್ಣೀರು ತುಂಬಿತು. ಆದರೆ ಸರ್ ಕೈಯಲ್ಲಿದ್ದ ಸ್ಟಾಪ್‌ವಾಚ್ ಪ್ರತಿ ನೂರು ಮೀಟರಿಗೂ ಹೆಚ್ಚುಕಡಿಮೆ ಒಂದೇ ಸಮಯ ತೋರಿಸಿತು!

ಆಯ್ಕೆಯ ದಿನ ಬಂತು. ಅವಳ ಪಕ್ಕದ ಲೇನಿನ ಸ್ಪರ್ಧಿ ಬಂದೇ ಇರಲಿಲ್ಲ. ಆ ಲೇನ್ ಖಾಲಿ...

ಸೀಟಿ ಊದಿದರು. ಉಳಿದವರೆಲ್ಲ ಮುಂದೆ ಹೋದರು. ಗ್ಯಾಲರಿಯಲ್ಲಿ ಅಮ್ಮ ಮುಖ ಮುಚ್ಚಿಕೊಂಡರು.

ನಿರೀಕ್ಷಾ ಮಾತ್ರ ಪಕ್ಕದ ಸದ್ದಿನ ಜೊತೆಗೇ ಸಾಗಿದಳು. ಮೂರನೆಯ ನೂರರಲ್ಲಿ ಒಬ್ಬೊಬ್ಬರೇ ಸೋತು ಹಿಂದೆ ಬೀಳತೊಡಗಿದರು...

ಕೊನೆಯ ಲ್ಯಾಪ್. ಇದ್ದಕ್ಕಿದ್ದಂತೆ ಸದ್ದು ನಿಂತಿತು.

ಎಷ್ಟೋ ತಿಂಗಳಿಂದ ಅದರಿಂದಲೇ ತಪ್ಪಿಸಿಕೊಳ್ಳುತ್ತಿದ್ದವಳಿಗೆ ಈಗ ಆ ಮೌನಕ್ಕೇ ಎದೆ ಒಡೆದಂತಾಯಿತು. ಆದರೂ ಅವಳು ಒಬ್ಬಳೇ ಈಜಿದಳು... ಗೋಡೆ ಮುಟ್ಟಿದಳು.

ಎರಡನೆಯ ಸ್ಥಾನ. ರಾಜ್ಯ ತಂಡಕ್ಕೆ ಆಯ್ಕೆ!

ಸರ್ ಓಡಿ ಬಂದರು. ಅವಳು ಲೇನಿನ ಹಗ್ಗ ಹಿಡಿದು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು.

"ಎಂತ ಆಯ್ತು ಮಗಾ?"

"ಕೊನೇ ಲ್ಯಾಪಲ್ಲಿ ನಿಂತುಬಿಟ್ಲು ಸರ್... ಬದುಕಿದ್ದಾಗ ಒಂದು ದಿನ ಕೂಡ ನನ್ನನ್ನು ಮುಂದೆ ಹೋಗ್ಲಿಕ್ಕೆ ಬಿಟ್ಟವಳಲ್ಲ ಅವಳು..."

ದುಃಖದಿಂದ ದೂರ ಓಡಿದಷ್ಟೂ ಅದು ಬೆನ್ನಟ್ಟುತ್ತದೆ. ಅದರ ಜೊತೆ ಸಾಗಿದವರನ್ನು ದಡ ಸೇರಿಸುವುದೂ ಅದೇ.

ನೀವು ಇಷ್ಟು ಅವಸರವಾಗಿ ಓಡುತ್ತಿರುವುದು ಗುರಿಯ ಕಡೆಗೋ... ಅಥವಾ ಯಾರನ್ನೋ ನೆನೆಯಲು ಹೆದರಿಯೋ?